ಗಂಡಸರ ಮೆನಿಂಜಿಯೋಮಾದಲ್ಲೂ ಪಿ.ಆರ್. ಬಂತು: ನನ್ನ ಅನುಭವ

ಮೆನಿಂಜಿಯೋಮಾ ಅಂದರೆ ಮಿದುಳಿನ ಹೊದಿಕೆಯ ಗಡ್ಡೆ. ಗಂಡಸರ ಮೆನಿಂಜಿಯೋಮಾದಲ್ಲೂ ಪ್ರೊಜೆಸ್ಟೆರಾನ್ ರಿಸೆಪ್ಟರ್ (ಪಿ.ಆರ್., ಆ ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಇರುತ್ತದೆ. ಅದನ್ನು ಬೆಳಗಾವಿಯ ಸಣ್ಣ ಲ್ಯಾಬಿನಲ್ಲೇ, ಆಂಟಿಬಾಡಿ ಹಚ್ಚಿ ಕಂದು ಬಣ್ಣ ಬರಿಸಿ ತೋರಿಸಬಹುದು. ಆಗಲಿಕ್ಕಿಲ್ಲ ಎಂದವರೇ ಈಗ ಬ್ಲಾಕ್ (ಮೇಣದಲ್ಲಿ ಕೂರಿಸಿದ ಗಡ್ಡೆಯ ತುಣುಕು) ಕಳಿಸುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಗಡ್ಡೆ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಪಿ.ಆರ್. ಬಹುಪಾಲಿನಲ್ಲಿ ಸಿಗುತ್ತದೆ, ಇ.ಆರ್. (ಈಸ್ಟ್ರೋಜನ್ ರಿಸೆಪ್ಟರ್) ಅಪರೂಪ. ಹಾಗಾಗಿ ಹಿರಿಯರೊಬ್ಬರು ನೇರವಾಗಿಯೇ ಕೇಳಿದ್ದರು: "ಗಂಡಸೂರ ತಲೀ ಗಡ್ಡಿಗೆ ಹೆಂಗಸೂರ ಹಾರ್ಮೋನ್ ಟೆಸ್ಟ್ ಯಾಕ್ರೀ ಮೇಡಂ? ಸುಮ್ನ ರೊಕ್ಕ ದಂಡ."

ಮೊದಮೊದಲು ಅವರ ಮಾತೇ ನಿಜವೆನಿಸುವಂತಿತ್ತು. ಗಂಡಸರ ಸ್ಲೈಡುಗಳೆಲ್ಲ ಬರೀ ನೀಲಿ, ಅಂದರೆ ನೆಗೆಟಿವ್. ಪಕ್ಕದ ಬ್ರೆಸ್ಟ್ ಕಂಟ್ರೋಲ್ (ಪಿ.ಆರ್. ಇದೆಯೆಂದು ಗೊತ್ತಿರುವ ಸ್ತನದ ತುಣುಕು) ಮಾತ್ರ ಲಕಲಕ. ಆದರೆ ಕಂಟ್ರೋಲ್ ನಮ್ಮಲ್ಲೇ ಫಿಕ್ಸ್ ಆದದ್ದು (ಕೆಡದಂತೆ ಫಾರ್ಮಲಿನ್‌ನಲ್ಲಿ ಇಟ್ಟದ್ದು), ಗಡ್ಡೆ ಹೊರಗಿನಿಂದ ಬಂದದ್ದು. ಅದು ಫಾರ್ಮಲಿನ್‌ನಲ್ಲಿ ಎಷ್ಟು ದಿನ ಬಿದ್ದಿತ್ತೋ ಯಾರಿಗೆ ಗೊತ್ತು? ಅಂದಿನಿಂದ ಪ್ರತಿ ಗಡ್ಡೆಗೂ ವೈಮೆಂಟಿನ್ (ಈ ಗಡ್ಡೆಯಲ್ಲಿ ಸಾಮಾನ್ಯವಾಗಿ ಇದ್ದೇ ಇರುವ ಪ್ರೋಟೀನ್) ಟೆಸ್ಟನ್ನೂ ಜೊತೆಗಿಟ್ಟೆ. ಅದು ಮಂಕಾಗಿದ್ದರೆ ತುಣುಕೇ ಹಾಳಾಗಿರಬಹುದು, ಆಗ ಪಿ.ಆರ್. ನೆಗೆಟಿವ್ ಎಂದು ನಾನು ಸಹಿ ಹಾಕುವುದಿಲ್ಲ. ಪಿ.ಆರ್. ಇರುವ ಗರ್ಭಕೋಶದ ಸ್ನಾಯುವಿನ ಒಂದು ಚೂರನ್ನೂ ಅದೇ ಸ್ಲೈಡಿನ ಮೇಲೆ ಕೂರಿಸುತ್ತೇನೆ. ಹಿಸ್ಟರೆಕ್ಟಮಿ (ಗರ್ಭಕೋಶ ತೆಗೆಯುವ ಆಪರೇಷನ್) ಸ್ಪೆಸಿಮೆನ್ನಿಗೆ ನಮ್ಮ ಕಡೆ ಬರವೇ?

ಆಮೇಲೆ, ಫಾರ್ಮಲಿನ್‌ನಿಂದ ಮುಚ್ಚಿಹೋದ ಪ್ರೋಟೀನ್ ತೆರೆಯಲು ಸ್ಲೈಡನ್ನು ಕುಕ್ಕರಿನಲ್ಲಿ ಕುದಿಸುವ ದ್ರಾವಣ ಬದಲಿಸಿದೆ: ಪಿಎಚ್ 6ರ ಸಿಟ್ರೇಟ್ ಬಿಟ್ಟು ಪಿಎಚ್ 9ರ ಟ್ರಿಸ್-ಇಡಿಟಿಎ ಹಿಡಿದೆ. ಕುಕ್ಕರಿನಿಂದ ತೆಗೆದರೆ ಸೆಕ್ಷನ್ (ಸ್ಲೈಡಿನ ಮೇಲಿನ ತೆಳು ಹಾಳೆಯಂಥ ತುಣುಕು) ಅರ್ಧ ಎದ್ದುಹೋಗಿರುತ್ತಿತ್ತು. ಸಾಮೋಮಾ ಬಾಡಿಗಳು (ಈ ಗಡ್ಡೆಯಲ್ಲಿ ಕಾಣುವ ಸುಣ್ಣದ ಹರಳುಗಳು) ಇದ್ದರಂತೂ ಜರಡಿಯೇ. ಅಂಟು ಹಿಡಿಯಲು ಪಾಲಿಲೈಸಿನ್ ಹಚ್ಚಿದ ಸ್ಲೈಡೂ ಸಾಲಲಿಲ್ಲ. ವಿದ್ಯುದಾವೇಶದಿಂದ ತುಣುಕನ್ನು ಹಿಡಿಯುವ ಚಾರ್ಜ್ಡ್ ಸ್ಲೈಡಿಗೆ ಬಂದು, ರಾತ್ರಿಯಿಡೀ 60 ಡಿಗ್ರಿಯಲ್ಲಿಟ್ಟ ಮೇಲೆ ನಿಂತಿತು. ಕುಕ್ಕರ್ ಆರಿಸಿದ ಮೇಲೆ ಹೇಗೆ ತಣಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಲ್ಯಾಬಿನ ಗುಟ್ಟು.

ರೊಕ್ಕದ ಮಾತು. ಆಂಟಿಬಾಡಿ ಹದಿನೈದು ಸಾವಿರದ ಆಸುಪಾಸು, ಬಣ್ಣ ಬರಿಸುವ ಪಾಲಿಮರ್ ಕಿಟ್ ಅದಕ್ಕಿಂತ ದುಬಾರಿ. ಒಂದು ವಯಲ್ ರಾತ್ರಿ ಬಸ್ಸಿನಲ್ಲಿ ಐಸ್ ಕರಗಿ ಬೆಚ್ಚಗೆ ಬಂತು. ಕೊಟ್ಟವರು ಬದಲಿಸಿ ಕೊಡಲಿಲ್ಲ. ದ್ರಾವಣ ಹರಡದಂತೆ ತಡೆಯುವ ಪ್ಯಾಪ್ ಪೆನ್ನಿನಿಂದ ಬಿಗಿಯಾಗಿ ಗೆರೆ ಕೊರೆದು ನೂರು ಮೈಕ್ರೊಲೀಟರಿನಲ್ಲಿ ಮುಗಿಸುವುದರಿಂದ ಈಗ ಸ್ಲೈಡಿಗೆ ಐನೂರು-ಆರುನೂರು ರೂಪಾಯಿ ಬೀಳುತ್ತದೆ.

ಈಗ ಗಂಡಸರ ಗಡ್ಡೆಗಳಲ್ಲೂ ಅರ್ಧದಷ್ಟು ಪಾಸಿಟಿವ್ ಬರುತ್ತಿವೆ. ಗ್ರೇಡ್ (ಗಡ್ಡೆಯ ಉಗ್ರತೆಯ ಮಟ್ಟ) ಹೆಚ್ಚಿದ್ದರೆ ನೆಗೆಟಿವ್ ಆಗುವುದು ಜಾಸ್ತಿ, ಅದು ಎಲ್ಲೆಡೆ ಕಂಡ ಸಂಗತಿ. ಓದುವಾಗ ಒಂದು ಎಚ್ಚರ ಬೇಕು: ಹಳೆಯ ರಕ್ತಸ್ರಾವ ಬಿಟ್ಟುಹೋದ ಕಬ್ಬಿಣದ ಹಿಮೋಸಿಡರಿನ್ ಕೂಡ ಕಂದು, ಪಾಸಿಟಿವ್ ತೋರಿಸುವ ನಮ್ಮ ಬಣ್ಣ ಡಿಎಬಿಯೂ ಕಂದು. ಬಣ್ಣ ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ಕೂತಿದೆಯೇ ನೋಡಬೇಕು, ಪಿ.ಆರ್. ಇರುವುದು ಅಲ್ಲೇ. ಸಂಶಯವಾದರೆ ಪರ್ಲ್ಸ್ (ಕಬ್ಬಿಣ ತೋರಿಸುವ ಬಣ್ಣ) ಹಾಕಿ, ಕಬ್ಬಿಣ ನೀಲಿಯಾಗುತ್ತದೆ. ನಡುವೆ ಗ್ಲಿಯೋಬ್ಲಾಸ್ಟೋಮಾಕ್ಕೆ (ಮಿದುಳಿನದೇ ಒಂದು ಉಗ್ರ ಗಡ್ಡೆ) ಎ.ಆರ್. (ಗಂಡಸರ ಹಾರ್ಮೋನಿನ ರಿಸೆಪ್ಟರ್) ಟೆಸ್ಟ್ ಹಚ್ಚಿ ನೋಡಿದೆ, ಅದು ಗಂಡಸರಲ್ಲೇ ಹೆಚ್ಚಲ್ಲವೇ? ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ ಬಣ್ಣ ಹಿಡಿಯಿತು. ಕಿಟ್ ಖಾಲಿಯಾಯಿತು, ಅಲ್ಲಿಗೇ ಬಿಟ್ಟೆ.

"ಪಾಸಿಟಿವ್ ಆದ್ರ ಹಾರ್ಮೋನ್ ತಡಿಯೋ ಔಷಧ ಕೊಡೂದೇನ್ರೀ?" ಎಂದು ಸರ್ಜನ್ನರು ಕೇಳುತ್ತಾರೆ. ಪ್ರೊಜೆಸ್ಟೆರಾನ್ ತಡೆಯುವ ಮಿಫೆಪ್ರಿಸ್ಟೋನ್ ಮಾತ್ರೆಯ ಟ್ರಯಲ್ 2015ರಲ್ಲಿ ಪ್ರಕಟವಾಯಿತು. ಪ್ಲಾಸಿಬೊಗಿಂತ (ಔಷಧವಿಲ್ಲದ ಹುಸಿ ಮಾತ್ರೆ) ಮೇಲೇನೂ ಆಗಲಿಲ್ಲ. ಈ ಟೆಸ್ಟಿನ ಉಪಯೋಗ ಬೇರೆಯೇ ಇದೆ. ಹೆಚ್ಚು ಪ್ರಮಾಣದ ಸೈಪ್ರೊಟೆರೋನ್ ಎಂಬ ಹಾರ್ಮೋನ್ ಮಾತ್ರೆಗೂ ಮೆನಿಂಜಿಯೋಮಾಕ್ಕೂ ನಂಟಿದೆ ಎಂದು 2021ರ ಫ್ರೆಂಚ್ ಅಧ್ಯಯನ ತೋರಿಸಿದ್ದು ಹೆಂಗಸರಲ್ಲಿ. ಅದೇ ಮಾತ್ರೆಯನ್ನು ಪ್ರಾಸ್ಟೇಟ್ ಕ್ಯಾನ್ಸರಿಗೆ ಗಂಡಸರಿಗೂ ಕೊಡುವುದುಂಟು, ಅದಕ್ಕೆ ಪ್ರೊಜೆಸ್ಟೆರಾನಿನ ಗುಣವೂ ಇದೆ. ಹಾಗಾಗಿ ಪಾಸಿಟಿವ್ ರಿಪೋರ್ಟಿನ ಕೆಳಗೆ ನಾನೊಂದು ಸಾಲು ಸೇರಿಸುತ್ತೇನೆ: ರೋಗಿ ಗಂಡಸಾದರೂ ಸರಿ, ಹಾರ್ಮೋನ್ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡಿದ್ದಾರೆಯೇ ವಿಚಾರಿಸಿ.