ಗಾಳಕ್ಕೆ ಎರೆಹುಳ ಬೇಕಾದ್ರೆ ಮೊದ್ಲು ತೇವ ನಿಲ್ಲೋ ಜಾಗ ಹುಡುಕ್ರಿ

ನಮ್ ದಾವಣಗೆರೆ, ಚಿತ್ರದುರ್ಗ ಕಡೆ ಎರೆಹುಳ ಹುಡುಕೋದು ಮಲೆನಾಡಿನಂಗಲ್ಲ. ಅಲ್ಲಿ ಮಳೆಗಾಲದಲ್ಲಿ ಎಲ್ಲಿ ಕೆದಕಿದ್ರೂ ಸಿಗ್ತಾವೆ, ಇಲ್ಲಿ ಜಾಗ ಗೊತ್ತಿಲ್ದೆ ಗುದ್ಲಿ ಹಿಡ್ಕೊಂಡು ಹೋದ್ರೆ ಕೈ ಬೊಬ್ಬೆ ಬರುತ್ತೇ ಹೊರ್ತು ಡಬ್ಬಿ ತುಂಬಲ್ಲ. ಎರೆಹುಳಕ್ಕೆ ಶ್ವಾಸಕೋಶ ಅನ್ನೋದೇ ಇಲ್ಲ, ಚರ್ಮದಿಂದಾನೇ ಉಸಿರಾಡೋದು, ಆ ಚರ್ಮ ಹಸಿಯಾಗಿದ್ರೆ ಮಾತ್ರ ಉಸಿರು, ಒಣಗಿದ್ರೆ ಸತ್ತಂಗೇ. ಅದಕ್ಕೇ ಬಿಸ್ಲು ಜಾಸ್ತಿ ಆದಂಗೆ ಅದು ಕೆಳಗೆ ಕೆಳಗೆ ಇಳಿದು ಗಂಟು ಸುತ್ಕೊಂಡು ಮಲಗಿಬಿಡುತ್ತೆ, ಮಾರ್ಚ್ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಎಷ್ಟು ಅಗೆದ್ರೂ ದಂಡ. ವರ್ಷಪೂರ್ತಿ ತೇವ ಇರೋದು ಎಲ್ಲಿ ಅಂತ ಯೋಚ್ನೆ ಮಾಡ್ರಿ, ಹುಳ ಅಲ್ಲೇ ಇರ್ತಾವೆ.

ಹಳ್ಳಿ ಮನೆ ಆದ್ರೆ ಮೊದ್ಲು ನೋಡ್ಬೇಕಾದ್ದು ಬಚ್ಚಲ ನೀರು ಹರಿದು ಹೋಗಿ ಇಂಗೋ ಜಾಗ, ಅದರ ಪಕ್ಕ ಬಾಳೆ ಹಾಕಿರ್ತಾರಲ್ಲ ಅದರ ಬುಡ. ಬಟ್ಟೆ ಸೋಪಿನ ನೀರು ನೇರ ಬೀಳೋ ಕಡೆ ಬ್ಯಾಡ, ಅಲ್ಲಿಂದ ಒಂದೆರಡು ಮಾರು ಆಚೆ ನೋಡ್ರಿ. ಆಮೇಲೆ ತಿಪ್ಪೆ. ತಿಪ್ಪೆ ಅಂದ್ರೆ ಮೇಲೆ ಇರೋ ಹಸಿ ಸಗಣಿ ಅಲ್ಲ, ಹಸಿ ಸಗಣಿ ಒಳಗೆ ಕಾವು ಇರುತ್ತೆ ಹುಳ ನಿಲ್ಲಲ್ಲ, ತಿಪ್ಪೆ ಅಂಚಿನಲ್ಲಿ ಕಪ್ಪಗೆ ಪುಡಿಪುಡಿ ಆಗಿರೋ ಹಳೇ ಗೊಬ್ರ ಮತ್ತೆ ಅದು ನೆಲ ಮುಟ್ಟೋ ಜಾಗ, ಅಲ್ಲಿ ಕೈಯಲ್ಲಿ ಕೆದಕಿದ್ರೂ ಸಾಕು.

ಚನ್ನಗಿರಿ ಕಡೆ ಅಡಿಕೆ ತೋಟ ಇರೋರಿಗಂತೂ ಗುದ್ಲಿನೇ ಬೇಕಾಗಿಲ್ಲ. ಬಿದ್ದು ಕೊಳೆತಿರೋ ಹಾಳೆ, ಸೋಗೆ ನಿಧಾನಕ್ಕೆ ಎತ್ರಿ, ಕೆಳಗೆ ಮಣ್ಣಿಗೆ ಅಂಟ್ಕೊಂಡು ಹುಳ ಇರ್ತಾವೆ. ಅಡಿಕೆ ಗಿಡದ ಬುಡ ಅಗೀಬ್ಯಾಡ್ರಿ, ಅದರ ಬೇರು ಮೇಲ್ಮೇಲೇ ಹರಡಿರುತ್ತೆ, ಹತ್ತು ಹುಳದ ಆಸೆಗೆ ಯಾರದೋ ಫಸಲಿನ ಬೇರು ಕಡಿದಂಗಾಗುತ್ತೆ. ಹೊಸದುರ್ಗ, ಹೊಳಲ್ಕೆರೆ, ಭೀಮಸಮುದ್ರ ಕಡೆ ಬೋರ್‌ವೆಲ್ ಡ್ರಿಪ್ ತೋಟಗಳಲ್ಲಿ ಲೆಕ್ಕ ಬ್ಯಾರೆ, ಅಲ್ಲಿ ಸಾಲಿನ ಮಧ್ಯೆ ಒಣ ನೆಲ, ಹನಿ ಬೀಳೋ ಜಾಗದ ಸುತ್ತ ಒಂದು ಅಡಿ ಅಷ್ಟೇ ತೇವ, ಹುಳ ಇದ್ರೆ ಆ ಒಂದು ಅಡಿಯಲ್ಲೇ. ಅಲ್ಲೂ ಮುಚ್ಚಿಗೆ ಹಾಕಿದ ಗರಿ ಎತ್ತಿ ನೋಡ್ರಿ, ಅಗೀಬ್ಯಾಡ್ರಿ, ಪೈಪಿಗೂ ಪೆಟ್ಟು ಬೀಳುತ್ತೆ. ತೋಟದವ್ರನ್ನ ಕೇಳ್ದೆ ಒಳಗೆ ಕಾಲಿಡಬ್ಯಾಡ್ರಿ ಅಂತ ಬ್ಯಾರೆ ಹೇಳ್ಬೇಕಾಗಿಲ್ಲ.

ಹರಿಹರ, ಮಲೆಬೆನ್ನೂರು ಸೀಮೆಯ ಗದ್ದೆ ಬಯಲಲ್ಲಿ ಭದ್ರಾ ನೀರು ಬಂದಾಗ ಸಣ್ಣ ಕಾಲುವೆಗಳ ಪಕ್ಕ ಹುಲ್ಲು ಬೆಳೆದಿರೋ ಕಡೆ ಚೆನ್ನಾಗಿ ಸಿಗ್ತಾವೆ, ಬೇಸಿಗೆ ಬೆಳೆಗೆ ನೀರು ಬಿಟ್ಟಾಗ್ಲೂ ಸಿಗ್ತಾವೆ, ಅದೊಂದು ನಮ್ ಪುಣ್ಯ. ಆದ್ರೆ ಕಳೆನಾಶಕ, ಕೀಟ ಸಾಯಿಸೋ ಹರಳು ಔಷಧಿ ಹಾಕಿರೋ ಗದ್ದೆ ಬದು ಬಿಟ್ಬಿಡ್ರಿ, ಹುಳ ಇದ್ರೂ ಅದನ್ನ ಕೈಯಲ್ಲಿ ಮುಟ್ಟೋದು ಬ್ಯಾಡ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕೆರೆ ಏರಿ ಅಗೀಬ್ಯಾಡ್ರಿ. ಸೂಳೆಕೆರೆ ಇರ್ಲಿ, ಊರ ಮುಂದಿನ ಸಣ್ಣ ಕಟ್ಟೆ ಇರ್ಲಿ, ಚಾನೆಲ್ ಏರಿ ಇರ್ಲಿ. ನೀರಿನ ಪಕ್ಕದಲ್ಲೇ ಹಸಿ ಮಣ್ಣು ಐತೆ, ಹುಳನೂ ಐತೆ, ಗಾಳನೂ ಅಲ್ಲೇ ಹಾಕ್ಬೇಕು ಅಂತ ಎಲ್ಲರೂ ಅಲ್ಲೇ ಕೆದಕ್ತಾರೆ, ಒಬ್ಬರು ತೋಡಿದ ಗುಂಡಿನೇ ಇನ್ನೊಬ್ಬರು ದೊಡ್ಡದು ಮಾಡ್ತಾರೆ, ಮಳೆಗಾಲದಲ್ಲಿ ನೀರು ಜಿನುಗೋಕೆ ಅಷ್ಟು ಸಾಕು. ನಮ್ಮಂತ ಬಯಲುಸೀಮೆಯಲ್ಲಿ ಕೆರೆ ಒಡೆದ್ರೆ ಅದು ಇಡೀ ಊರಿನ ನಷ್ಟ. ಹುಳ ಮನೆಯಿಂದಾನೇ ತಗೊಂಡು ಹೋಗ್ರಿ.

ಅಗೆಯೋಕೆ ಮುಂಚೆ ನೆಲ ನೋಡ್ರಿ, ಸಣ್ಣ ಸಣ್ಣ ಉಂಡೆ ಮಣ್ಣಿನ ಹಿಕ್ಕೆ ಹಸಿಯಾಗಿ ಬಿದ್ದಿದ್ರೆ ಕೆಳಗೆ ಹುಳ ಐತೆ ಅಂತ ಖಾತ್ರಿ, ಒಣಗಿ ಗಟ್ಟಿ ಆಗಿದ್ರೆ ಕೆಳಗೆ ಇಳಿದಾವೆ ಅಂತ. ಹಿಂದಿನ ದಿನ ಸಂಜೆ ನಾಕು ಬಿಂದಿಗೆ ನೀರು ಹುಯ್ದು ಬಿಟ್ರೆ ಬೆಳಿಗ್ಗೆಗೆ ಮೇಲೆ ಬಂದಿರ್ತಾವೆ. ಗುದ್ಲಿಯಿಂದ ರಪ್ಪಂತ ಹೊಡೆದ್ರೆ ಅರ್ಧ ಹುಳ ತುಂಡಾಗ್ತಾವೆ, ಹಲ್ಲಿನ ಸಲಿಕೆ ಇದ್ರೆ ಅದನ್ನ ಇಳಿಸಿ ಹೆಂಟೆ ಎತ್ತಿ ಮಗುಚಿ ಕೈಯಲ್ಲಿ ಬಿಡಿಸ್ರಿ, ಇಲ್ಲಾಂದ್ರೆ ಕುರ್ಪಿ ಸಾಕು. ತುಂಡಾದ ಹುಳ ಎರಡು ಹುಳ ಆಗುತ್ತೆ ಅನ್ನೋದು ಸುಳ್ಳು, ತಲೆ ಭಾಗ ಕೆಲವು ಸಲ ಬದುಕ್ಕೊಳ್ಳುತ್ತೆ, ಬಾಲದ ಭಾಗ ಸಾಯುತ್ತೆ, ಸತ್ತ ತುಂಡು ಡಬ್ಬಿಯಲ್ಲಿ ಇದ್ರೆ ಉಳಿದವೂ ಕೊಳೆಯೋಕೆ ಶುರು ಆಗ್ತಾವೆ. ಕಲ್ಲು ಎತ್ತುವಾಗ ಮಾತ್ರ ಹುಷಾರು, ದುರ್ಗದ ಕಡೆ ಕಲ್ಲಿನ ಕೆಳಗೆ ಚೇಳು ಇರ್ತಾವೆ, ಕಲ್ಲನ್ನ ಕೋಲಿನಿಂದ ಆಚೆ ಉರುಳಿಸಿ ಆಮೇಲೆ ಕೈ ಹಾಕ್ರಿ. ಕಾಲಿಗೆ ಚಪ್ಪಲಿ ಇರ್ಲಿ, ಕೈಯಲ್ಲಿ ಗಾಯ ಇದ್ರೆ ಹಸಿ ತಿಪ್ಪೆ ಮುಟ್ಟಬ್ಯಾಡ್ರಿ, ಇಲಿ ಉಚ್ಚೆ ಬಿದ್ದ ಕೆಸರಿಂದ ಇಲಿ ಜ್ವರ ಬರುತ್ತೆ, ಮುಗಿದ ಮೇಲೆ ಸೋಪ್ ಹಾಕಿ ಕೈ ತೊಳೀರಿ.

ಮಳೆಗಾಲ ಹಿಡಿದ್ರೆ, ಮೃಗಶಿರ ಆರಿದ್ರ ಮಳೆ ಚೆನ್ನಾಗಿ ಹೊಡೆದ ರಾತ್ರಿ ಅಗೆಯೋ ಮಾತೇ ಇಲ್ಲ, ಅವೇ ಮೇಲೆ ಬರ್ತಾವೆ. ಎರೆಹುಳಕ್ಕೆ ಕಣ್ಣಿಲ್ಲ ಆದ್ರೆ ಚರ್ಮಕ್ಕೆ ಬೆಳಕು ಗೊತ್ತಾಗುತ್ತೆ, ಬಿಳೀ ಟಾರ್ಚ್ ಬಿಟ್ರೆ ಬಿಲಕ್ಕೆ ಎಳ್ಕೊಳ್ಳುತ್ತೆ, ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಕಟ್ರಿ, ಕೆಂಪು ಬೆಳಕು ಅದಕ್ಕೆ ಅಷ್ಟಾಗಿ ತಿಳಿಯಲ್ಲ. ಮೆತ್ತಗೆ ಹೆಜ್ಜೆ ಇಡ್ರಿ, ನೆಲ ಅದುರಿದ್ರೂ ಓಡ್ತಾವೆ. ಅರ್ಧ ಮೈ ಬಿಲದಲ್ಲೇ ಇದ್ರೆ ಜಗ್ಗಬ್ಯಾಡ್ರಿ, ಮೈ ತುಂಬ ಸಣ್ಣ ಮುಳ್ಳಿನಂತ ಕೂದ್ಲು ಇರ್ತಾವೆ, ಅದ್ರಿಂದ ಗೋಡೆಗೆ ಕಚ್ಕೊಂಡಿರುತ್ತೆ. ಹಿಡ್ಕೊಂಡು ಸುಮ್ನೆ ಇರ್ರಿ, ಒಂದು ಗಳಿಗೆಗೆ ಅದೇ ಸಡಿಲ ಬಿಡುತ್ತೆ, ಆಗ ಎಳೀರಿ.

ಬೇಸಿಗೆಗೆ ಗೋಣಿಚೀಲದ ಉಪಾಯ. ಮರದ ನೆರಳಲ್ಲಿ ನೆಲ ನೆನೆಸಿ, ಅದರ ಮೇಲೆ ಎರಡು ಬೊಗಸೆ ಹಳೇ ಸಗಣಿ ಗೊಬ್ರ ಹರವಿ, ನೆನೆಸಿದ ಗೋಣಿಚೀಲ ಹೊದಿಸಿ ದಿನಾ ಸಂಜೆ ನೀರು ಚಿಮುಕಿಸ್ತಾ ಇರ್ರಿ. ಕೆಲವು ದಿನಕ್ಕೆ ಚೀಲದ ಕೆಳಗೇ ಸೇರ್ಕೊಂತಾವೆ, ಬೇಕಾದಾಗ ಚೀಲ ಎತ್ತಿ ತಗೊಳ್ಳೋದು ಮತ್ತೆ ಮುಚ್ಚೋದು. ಪ್ಲಾಸ್ಟಿಕ್ ಚೀಲ ಆಗಲ್ಲ, ಸೆಣಬಿಂದೇ ಬೇಕು.

ಅರ್ಜೆಂಟ್ ಇದ್ರೆ ಸಾಸ್ವೆ. ಹಸಿ ಸಾಸ್ವೆ ಪುಡಿ ಮಾಡಿ, ಹುರೀಬಾರ್ದು, ಹುರಿದ್ರೆ ಘಾಟು ಹೋಗುತ್ತೆ, ಹತ್ತು ಲೀಟರ್ ಬಕೆಟ್ ನೀರಿಗೆ 100 ಗ್ರಾಂ ಕಲಸಿ ಹಿಕ್ಕೆ ಇರೋ ಜಾಗಕ್ಕೆ ನಿಧಾನಕ್ಕೆ ಹುಯ್ರಿ, ಚರ್ಮ ಉರಿದು ಮೇಲೆ ಬರ್ತಾವೆ, ಬಂದ ತಕ್ಷಣ ಒಳ್ಳೇ ನೀರಲ್ಲಿ ತೊಳೀರಿ. ಸೋಪಿನ ಪುಡಿ ಹಾಕೋದು ಬ್ಯಾಡ, ಮಣ್ಣೂ ಕೆಡುತ್ತೆ ಹುಳನೂ ಸಾಯುತ್ತೆ. ಇನ್ನು ಕೆಲವರು ನೆಲಕ್ಕೆ ಕಂಬಿ ಚುಚ್ಚಿ ಕರೆಂಟ್ ಕೊಡ್ತಾರೆ, ದಯವಿಟ್ಟು ಬ್ಯಾಡ, ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕರೆಂಟ್ ಜೊತೆ ಆಟ ಆಡಿದ್ರೆ ಜೀವ ಹೋಗುತ್ತೆ.

ಹಿಡಿದಿದ್ದನ್ನ ಉಳಿಸ್ಕೊಳ್ಳೋದು ಮಡಕೆಯಲ್ಲೇ ಚೆಂದ, ತಣ್ಣಗಿರುತ್ತೆ. ತೊಳೆದ ತೆಂಗಿನ ನಾರಿನ ಪುಡಿ, ಹಳೇ ಗೊಬ್ರ, ಹುಳ ಸಿಕ್ಕ ಜಾಗದ್ದೇ ಒಂದು ಹಿಡಿ ಮಣ್ಣು. ಹಿಂಡಿದ್ರೆ ಒಂದೆರಡು ಹನಿ ಬರ್ಬೇಕು ಅಷ್ಟೇ ತೇವ, ಕೆಸರಾದ್ರೆ ಗಾಳಿ ಇಲ್ದೆ ಸಾಯ್ತಾವೆ. ನಲ್ಲಿ ನೀರು ಆದ್ರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ್ಮೇಲೆ ಹಾಕ್ರಿ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಇರುವೆ ಬರ್ದಂಗೆ ನೀರು ಹಾಕಿದ ತಟ್ಟೆಯಲ್ಲಿ ಮಡಕೆ ಇಡ್ರಿ. ಹುಣಸೆ, ನಿಂಬೆ, ಉಪ್ಪು ಖಾರ ಇರೋ ಅಡಿಗೆ ಮನೆ ಕಸ ಹಾಕ್ಬ್ಯಾಡ್ರಿ. ನಾರಿನಲ್ಲಿ ಎರಡು ದಿನ ಇದ್ರೆ ಹೊಟ್ಟೆಯ ಮಣ್ಣು ಹೋಗಿ ಮೈ ಗಟ್ಟಿ ಆಗುತ್ತೆ, ಗಾಳದ ಮುಳ್ಳಲ್ಲಿ ಚೆನ್ನಾಗಿ ನಿಲ್ಲುತ್ತೆ.

ಎರೆಗೊಬ್ಬರ ಮಾಡೋರ ಹತ್ರ ದುಡ್ಡು ಕೊಟ್ಟೂ ತರಬೋದು. ಅಲ್ಲಿ ಹೆಚ್ಚಾಗಿ ಇರೋದು ಆಫ್ರಿಕಾದ ಯೂಡ್ರಿಲಸ್ ಜಾತಿ, ಉದ್ದ ದಪ್ಪ, ಗಾಳಕ್ಕೆ ಒಳ್ಳೇದು. ಪಟ್ಟೆ ಪಟ್ಟೆ ಇರೋ ಸಣ್ಣ ಐಸೀನಿಯಾ ಹಿಚುಕಿದ್ರೆ ಹಳದಿ ರಸ ಬಿಟ್ಟು ವಾಸನೆ ಹೊಡೆಯುತ್ತೆ, ನಾನು ಅದನ್ನ ತಗೊಳ್ಳಲ್ಲ.

ಜಿಲೇಬಿ ಮೀನಿಗೆ ಗಾಳದ ಸಣ್ಣ ಮುಳ್ಳು, ಹುಳದ ಅರ್ಧ ಇಂಚು ತುಂಡು ಸಾಕು. ಗೌರಿ ಮೀನಿಗೆ ಇಡೀ ಹುಳ, ಬಾಲದ ಕಡೆ ಸ್ವಲ್ಪ ಅಲ್ಲಾಡೋ ಹಂಗೆ ಬಿಡ್ರಿ. ಮುರುಗೋಡಿಗೆ ಎರಡು ಮೂರು ಹುಳ ಒಟ್ಟಿಗೆ ಪೋಣಿಸಿ ಸಂಜೆ ಮೇಲೆ ತಳಕ್ಕೆ ಇಳಿಸ್ರಿ, ಅದು ವಾಸನೆ ಹಿಡಿದು ಬರೋ ಮೀನು. ಕೆರೆಗಳನ್ನ ಮೀನು ಸಾಕೋಕೆ ಗುತ್ತಿಗೆ ಕೊಟ್ಟಿರ್ತಾರೆ, ಗುತ್ತಿಗೆಯವರನ್ನ ಒಂದು ಮಾತು ಕೇಳಿ ಗಾಳ ಹಾಕ್ರಿ. ಉಳಿದ ಹುಳ ನೀರಿಗೆ ಸುರೀಬ್ಯಾಡ್ರಿ, ಡಬ್ಬಿ ಸಮೇತ ವಾಪಸ್ ತಂದು ಮನೆ ತಿಪ್ಪೆ ಅಂಚಲ್ಲೇ ಬಿಡ್ರಿ, ಮುಂದಿನ ಸಲಕ್ಕೆ ಅಲ್ಲೇ ಸಿಗ್ತಾವೆ.