ಗಲೀಜು ನೀರಲ್ಲೇ ವೆರೈಟಿ ಜಾಸ್ತಿ ಬಂತು!

ಚರಂಡಿ ನೀರು ಸಮುದ್ರಕ್ಕೆ ಸೇರೋ ಜಾಗದಿಂದ ಶುರು ಮಾಡಿ ದೂರ ಹೋಗ್ತಾ ಹೋಗ್ತಾ ನಾಲ್ಕು ಕಡೆ ಮೇಲ್ಮೈ ನೀರು ತಗೊಂಡು, ಬ್ಯಾಕ್ಟೀರಿಯಾಗಳ ವೈವಿಧ್ಯ ಎಲ್ಲೆಲ್ಲಿ ಹೇಗಿದೆ ಅಂತ ನೋಡೋದು ನನ್ನ ಪ್ರಾಜೆಕ್ಟ್. ಗಲೀಜಿದ್ದ ಕಡೆ ವೈವಿಧ್ಯ ಕಮ್ಮಿ ಅಂತ ನೀರು ಮುಟ್ಟೋಕೆ ಮುಂಚೆನೇ ತೀರ್ಮಾನ ಮಾಡ್ಕೊಂಡಿದ್ದೆ.

ಮೊದಲನೇ ರೌಂಡ್ ಪೂರ್ತಿ ವೇಸ್ಟ್ ಆಯ್ತು. ಸುಸ್ತಾಗಿತ್ತು ಅಂತ ಬಾಟಲಿಗಳನ್ನ ಐಸಲ್ಲಿ ಇಡದೆ ಹಾಗೇ ಬಿಟ್ಟು ಮಾರನೇ ದಿನ ಫಿಲ್ಟರ್ ಮಾಡಿದೆ, ರಿಸಲ್ಟಲ್ಲಿ ನಾಲ್ಕೂ ಕಡೆ ಆಲ್ಟೆರೋಮೊನಾಸ್ ಅನ್ನೋ ಬ್ಯಾಕ್ಟೀರಿಯಾದ್ದೇ ದರ್ಬಾರು. ಬಾಟಲಿಲಿ ಕೂಡಿಹಾಕಿದ್ರೆ ಅದು ಸಿಕ್ಕಾಪಟ್ಟೆ ಬೆಳೆಯುತ್ತಂತೆ, ಆಮೇಲೆ ಗೊತ್ತಾಯ್ತು.

ಎರಡನೇ ಸಲ ನೀರು ತಗೊಂಡ ಜಾಗದಲ್ಲೇ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದೆ. ಚರಂಡಿ ಬಾಯಿ ಹತ್ರದ ನೀರು ಅರ್ಧ ಲೀಟರ್‌ಗೇ ಫಿಲ್ಟರ್ ಕಟ್ಕೊಂಡು ನಿಂತುಬಿಡ್ತು, ಹಾಗಾಗಿ ಎಲ್ಲಾ ಕಡೆದೂ ಅರ್ಧ ಲೀಟರ್‌ಗೇ ನಿಲ್ಲಿಸಿದೆ, ಇಲ್ಲಾಂದ್ರೆ ಹೋಲಿಕೆಗೆ ಅರ್ಥ ಇರಲ್ಲ. ಜೊತೆಗೆ, ಹೊರಗಿಂದ ಏನಾದ್ರೂ ಸೇರಿದ್ರೆ ಗೊತ್ತಾಗ್ಲಿ ಅಂತ ಬರೀ ಶುದ್ಧ ನೀರು ಸೋಸಿದ ಒಂದು ಬ್ಲ್ಯಾಂಕ್ ಕೂಡ ಇಟ್ಟೆ. ಪ್ಲೇಟ್ ಮೇಲೆ ಬೆಳೆಸೋ ಗೋಜಿಗೆ ಹೋಗಲಿಲ್ಲ, ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ ಶೇ. 1ರಷ್ಟು ಅಗರ್ ಮೇಲೆ ಬೆಳೆದ್ರೆ ಅದೇ ಹೆಚ್ಚು, ಅದಕ್ಕೆ ಡಿಎನ್‌ಎ ತೆಗೆದು ಯಾವ್ಯಾವ ಬ್ಯಾಕ್ಟೀರಿಯಾ ಇವೆ ಅಂತ ಗುರುತಿಸೋಕೆ ಬಳಸೋ 16ಎಸ್ ಜೀನ್‌ನ ಸೀಕ್ವೆನ್ಸಿಂಗ್‌ಗೆ ನೇರವಾಗಿ ಕೊಟ್ಟೆ.

ರಿಸಲ್ಟ್ ನೋಡಿ ತಲೆ ಕೆಟ್ಟೋಯ್ತು. ಎಷ್ಟು ಬಗೆ ಇವೆ, ಎಷ್ಟು ಸಮನಾಗಿ ಹಂಚ್ಕೊಂಡಿವೆ ಅಂತ ಒಂದೇ ಅಂಕಿಲಿ ಹೇಳೋ ಶ್ಯಾನನ್ ಇಂಡೆಕ್ಸ್ ಎಲ್ಲಕ್ಕಿಂತ ಜಾಸ್ತಿ ಚರಂಡಿ ಬಾಯಲ್ಲೇ! ನಮ್ ಗೈಡ್ ಒಂದೇ ಮಾತು ಕೇಳಿದ್ರು, "ನಂಬರ್ ಇರ್ಲಿ, ಯಾರ್ಯಾರಿದಾರೆ ನೋಡಿದ್ಯಾ?" ನೋಡಿರ್ಲಿಲ್ಲ. ನೋಡಿದ್ರೆ ಅರ್ಧಕ್ಕರ್ಧ ನೆಂಟರು: ಮನುಷ್ಯರ ಕರುಳಿನ ಬ್ಯಾಕ್ಟೀರಾಯ್ಡೀಸ್, ಕೊಳಚೆ ಪೈಪಿನ ಆರ್ಕೋಬ್ಯಾಕ್ಟರ್, ಇವೆಲ್ಲ ಸಮುದ್ರದವೇ ಅಲ್ಲ, ಮನೆಯವರ ಜೊತೆ ಸೇರ್ಕೊಂಡು ಲೆಕ್ಕ ಉಬ್ಬಿಸಿದ್ವು. ಬ್ಯಾಕ್ಟೀರಾಯ್ಡೀಸ್‌ಗಂತೂ ಆಮ್ಲಜನಕ ಆಗ್ಬರಲ್ಲ, ಆದ್ರೆ ಸತ್ತಿರೋದರ ಡಿಎನ್‌ಎನೂ ಸೀಕ್ವೆನ್ಸಿಂಗಲ್ಲಿ ಎಣಿಕೆಗೆ ಬಂದುಬಿಡುತ್ತೆ. ದೂರದ ಸ್ವಚ್ಛ ನೀರಲ್ಲಿ ಎಸ್‌ಎಆರ್11 ಅನ್ನೋ ಚಿಕ್ಕ ಬ್ಯಾಕ್ಟೀರಿಯಾನೇ ಮೆಜಾರಿಟಿ, ಸಮುದ್ರದ ಮೇಲ್ಮೈಲಿ ಅದು ಮಾಮೂಲು, ಅದೊಂದೇ ಅಷ್ಟು ಪಾಲು ಹೊಡ್ಕೊಂಡ್ರೆ ಇಂಡೆಕ್ಸ್ ಇಳಿಯದೆ ಇನ್ನೇನು ಮಾಡುತ್ತೆ? ಎಣ್ಣೆ ಚೆಲ್ಲಿದ ನೀರಲ್ಲಾದ್ರೆ ಕಥೆ ಬೇರೆ, ಅಲ್ಲಿ ಎಣ್ಣೆ ತಿನ್ನೋ ಆಲ್ಕಾನಿವೊರಾಕ್ಸ್ ಥರದವು ಎದ್ದು ವೈವಿಧ್ಯ ಕುಸಿಯೋದುಂಟು.

ಇಷ್ಟೆಲ್ಲ ಆದ್ಮೇಲೆ ಇನ್ನೊಂದು ಹೊಳೀತು. ಚರಂಡಿ ನೀರು ಸಿಹಿನೀರು ತಾನೇ, ಉಪ್ಪು ಕಮ್ಮಿಯಾದ್ರೂ ಬ್ಯಾಕ್ಟೀರಿಯಾ ಬದಲಾಗ್ತವೆ, ಹಾಗಾದ್ರೆ ನಾನು ಅಳೆದಿದ್ದು ಮಾಲಿನ್ಯನಾ, ಉಪ್ಪಾ? ಮೂರನೇ ರೌಂಡಿಗೆ ಕೊಳಚೆ ಸೇರದ ಒಂದು ತೊರೆ ಸಮುದ್ರಕ್ಕೆ ಬಂದು ಬೀಳೋ ಜಾಗನೂ ಲಿಸ್ಟಿಗೆ ಹಾಕಿ, ಉಪ್ಪಿನಂಶ ಅಳೆಯೋ ಮೀಟರ್ ಹಿಡ್ಕೊಂಡೇ ಹೊರಟೆ.