ಆಕಾಶ ನೋಡುತ್ತಿದ್ದ ಆಡು: ಬಿ1 ಇಂಜೆಕ್ಷನ್, ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನ ಹಟ್ಟಿಯಲ್ಲಿ ಹದಿನೇಳು ಮಲಬಾರಿ ಆಡುಗಳಿವೆ. ಅದರಲ್ಲಿ ಒಂದನ್ನು "ಇದು ಬದುಕುವುದಿಲ್ಲ" ಅಂತ ಊರವರೆಲ್ಲ ಕೈಬಿಟ್ಟಿದ್ದರು. ಕಳೆದ ತಿಂಗಳು ಅದು ಅವಳಿ ಮರಿ ಹಾಕಿತು.

ಹಲಸಿನ ಕಾಲ ಬಂತೆಂದರೆ ನನಗೆ ಹೆದರಿಕೆ. ಹಣ್ಣು, ಗಂಜಿ, ಮಿಕ್ಕಿದ ಅನ್ನ ಜಾಸ್ತಿ ತಿಂದ ಆಡಿಗೆ ಹೊಟ್ಟೆ ಹುಳಿಯಾಗಿ ಬಿ1 ಎಂಬ ವಿಟಮಿನ್ (ಥಯಾಮಿನ್) ಕೊರತೆಯಾಗಬಹುದು. ಗೋಡೆಗೆ ಹಣೆ ಒತ್ತಿ ನಿಲ್ಲುವುದು, ಕಣ್ಣು ಕಾಣದಿರುವುದು, ಕುತ್ತಿಗೆ ಹಿಂದಕ್ಕೆ ಸೆಟೆಯುವುದು ನೀವೂ ನೋಡಿರುತ್ತೀರಿ.

ಮೊದಲ ಆಡು ಬಿದ್ದಾಗ ಧನುರ್ವಾಯು ಅಂತ ತಿಳಿದು ಎರಡು ದಿನ ಹಾಳು ಮಾಡಿದೆ. ಸತ್ತಿತು. ಎರಡನೆಯದಕ್ಕೆ ಹಲವು ಬಿ ವಿಟಮಿನ್ ಸೇರಿದ ಬಿ-ಕಾಂಪ್ಲೆಕ್ಸ್ ಬೆಳಿಗ್ಗೆ ಐದು ಮಿಲಿ, ಸಂಜೆ ಐದು ಮಿಲಿ ಕೊಟ್ಟೆ. ಅದೂ ಹೋಯಿತು. ಎರಡೂ ಸೇರಿ ಇಪ್ಪತ್ತು ಸಾವಿರದಷ್ಟು ನಷ್ಟ. ಆ ರಾತ್ರಿ ಬಾಟಲಿಯ ಚೀಟಿ ಓದಿದೆ. ಒಂದು ಮಿಲಿಯಲ್ಲಿ ಬಿ1 ಇದ್ದದ್ದು ಹತ್ತು ಮಿಲಿಗ್ರಾಂ. ಕಿಲೋಗೆ ಹತ್ತು ಮಿಲಿಗ್ರಾಂ ಲೆಕ್ಕದಲ್ಲಿ 25 ಕಿಲೋ ಆಡಿಗೆ ಒಂದು ಸಲಕ್ಕೆ 250 ಮಿಲಿಗ್ರಾಂ ಬೇಕು. ನಾನು ಕೊಟ್ಟದ್ದು 50! ಮದ್ದು ತಪ್ಪಿರಲಿಲ್ಲ, ಅಳತೆ ತಪ್ಪಿತ್ತು.

ಮೂರನೆಯದು ಬಿದ್ದ ಒಂದು ಗಂಟೆಯೊಳಗೆ ಪಶು ಡಾಕ್ಟರನ್ನು ಕರೆಸಿದೆ. ಪಕ್ಕದ ಮನೆಯವರು, "ಅಣ್ಣಾ, ಹುಚ್ಚು ನಾಯಿ ಕಚ್ಚಿದ್ದಿರಬೇಕು, ಸುಮ್ನೆ ದುಡ್ಡು ಹಾಕಬೇಡಿ" ಅಂದರು. ಹುಚ್ಚು ನಾಯಿ ರೋಗದಲ್ಲೂ (ರೇಬಿಸ್) ಹೀಗೇ ಕಾಣುವುದುಂಟು, ಹಾಗಾಗಿ ಆಡಿನ ಬಾಯಿಗೆ ಬರಿಗೈ ಹಾಕಲೇಬೇಡಿ. ಡಾಕ್ಟರ ಚೀಟಿ ಹಿಡಿದು ಬರೀ ಬಿ1 ಇರುವ, ಮಿಲಿಗೆ ನೂರು ಮಿಲಿಗ್ರಾಂನ ಇಂಜೆಕ್ಷನ್ ತಂದೆ. ಮೊದಲನೆಯದನ್ನು ಡಾಕ್ಟರೇ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರು. ಬೇಗ ತಳ್ಳಿದರೆ ಆಡು ಶಾಕ್ ಆಗಿ ಬೀಳಬಹುದು, ಅದು ನಮ್ಮ ಕೆಲಸವಲ್ಲ. ಆಮೇಲೆ ಆರು ಗಂಟೆಗೊಮ್ಮೆ ಕುತ್ತಿಗೆಯ ಮಾಂಸಕ್ಕೆ ನಾನೇ ಚುಚ್ಚಿದೆ. ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ಹೋದಾಗ ಕುತ್ತಿಗೆ ಸ್ವಲ್ಪ ಸಡಿಲವಾಗಿತ್ತು. ಬೆಳಿಗ್ಗೆ ಹಲಸಿನ ಸೊಪ್ಪನ್ನು ಮೂಗಿನ ಹತ್ತಿರ ಹಿಡಿದೆ. ಕಣ್ಣು ಇನ್ನೂ ಕಾಣುತ್ತಿರಲಿಲ್ಲ, ಆದರೆ ತುಟಿ ಸೊಪ್ಪನ್ನು ಹುಡುಕಿತು. ಆಗ ನನಗೆ ಧೈರ್ಯ ಬಂತು. ದೃಷ್ಟಿ ಮರಳಲು ನಾಲ್ಕೈದು ದಿನ ಹಿಡಿಯಿತು. ಡಾಕ್ಟರ ಫೀಸೂ ಸೇರಿ ಖರ್ಚು ಒಂಬೈನೂರರ ಆಸುಪಾಸು.

ಇನ್ನೊಂದು ಮಾತು. ಮರಿಗಳ ರಕ್ತಭೇದಿಗೆ ಕೊಡುವ ಆಂಪ್ರೋಲಿಯಂ ಅಳತೆ ಮೀರಿದರೂ ಬಿ1 ಕೆಲಸ ಮಾಡುವುದಿಲ್ಲ. ಮದ್ದು ಕೊಟ್ಟ ವಾರದಲ್ಲೇ ಮರಿ ತೂರಾಡಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಕೋಳಿಮರಿಗಳ ಬೆರಳು ಒಳಕ್ಕೆ ಮಡಚಿದಾಗ ನೀರಿನಲ್ಲಿ ಬಿ2 ಹಾಕಿ ನೋಡಿದೆ. ಎಂಟರಲ್ಲಿ ಐದು ಸರಿಯಾದವು. ತಡವಾದವು ಆಗಲಿಲ್ಲ.

ಎದ್ದ ಆಡಿಗೆ ಮತ್ತೆ ಮೆಲುಕು ಹಿಡಿಸಲು ನಾನೊಂದು ಕಷಾಯ ಕೊಡುತ್ತೇನೆ. ಅದನ್ನು ಹಟ್ಟಿಗೆ ಬಂದವರಿಗೆ ಮಾತ್ರ ಹೇಳುವುದು. ಈ ಸಲ ಹಲಸು ಹಣ್ಣಾಗುವ ಮೊದಲೇ ಡಾಕ್ಟರನ್ನು ಕೇಳಿ ಎರಡು ಆಡಿಗೆ ಸಾಕಾಗುವಷ್ಟು ಬಿ1 ತಂದಿಟ್ಟಿದ್ದೇನೆ.